ಈ ಸಲ ನಾಣ್ಯ ಬೇಡ, ನಿಕಾಲಿ ಆಗಲಿ

ಹುಬ್ಬಳ್ಳಿ-ಧಾರವಾಡದ ಫುಟ್‌ಬಾಲ್ ಸಂಘಟಕರಿಗೆ, ಮೈದಾನದ ಬೀಗದ ಕೈ ಇಟ್ಟುಕೊಂಡಿರುವ ಸಾಹೇಬರಿಗೆ, ಮತ್ತೆ ಅವತ್ತು ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದ ಎಲ್ಲರಿಗೂ,

ನಮಸ್ಕಾರ.

ಈ ವರ್ಷವೂ ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ಒಂದು ಮ್ಯಾಚ್ ಇಡುತ್ತೀರಿ ಅಂತ ಸುದ್ದಿ ಬಂತು. ಖುಷಿ ಆಯಿತು. ಒಂದು ಕಪ್ ಚಹಾ ಮುಗಿಯುವುದರೊಳಗೆ ಆ ಖುಷಿ ಇಳಿದೂ ಹೋಯಿತು, ಯಾಕಂದರೆ ಹೋದ ಸಲದ್ದು ನೆನಪಾಯಿತು. ನಿಮಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ನನಗಂತೂ ಚೆನ್ನಾಗಿ ನೆನಪಿದೆ. ಅವತ್ತು ಒಂದು ಕಡೆಯ ಗೆರೆಯಲ್ಲಿ ಬಾವುಟ ಹಿಡಿದು ನಿಂತಿದ್ದವನು ನಾನೇ.

ಮ್ಯಾಚ್ ಮೂರೂವರೆಗೆ ಅಂತ ಪಾಂಪ್ಲೆಟ್ ಹಂಚಿದ್ದಿರಿ. ಜನವರಿ ತಿಂಗಳು. ಲೀಗ್ ಗೆದ್ದ ಧಾರವಾಡದ ಹುಡುಗರು ಚಿಗರಿ ಬಸ್ ಹತ್ತಿ ಎರಡೂವರೆಗೇ ಬಂದಿದ್ದರು. ಬೂಟನ್ನು ಲೇಸಿನಿಂದ ಕಟ್ಟಿ ಕೊರಳಿಗೆ ಹಾಕಿಕೊಂಡು, ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು. ಕಪ್ ಗೆದ್ದ ಹುಬ್ಬಳ್ಳಿ ಹುಡುಗರು ಹೇಗಿದ್ದರೂ ಊರಿನವರೇ, ಅವರಲ್ಲಿ ನಾಲ್ಕು ಜನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮೂರೂಕಾಲಿಗೆ ಎರಡೂ ಕಡೆಯವರು ವಾರ್ಮಪ್ ಮುಗಿಸಿದರು. ಮೂರೂವರೆ ಆಯಿತು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ನಾಲ್ಕಕ್ಕೆ ಇನ್ನೊಮ್ಮೆ ವಾರ್ಮಪ್ ಮಾಡಿದರು. ನಾಲ್ಕೂವರೆಗೆ ಮೂರನೇ ಸಲ. "ಅಣ್ಣಾ, ಹಿಂಗಾದ್ರ ಮ್ಯಾಚ್ ಶುರು ಆಗೂದ್ರಾಗ ಕಾಲು ಹಿಡ್ಕೋತಾವ" ಅಂತ ಧಾರವಾಡದ ಲೆಫ್ಟ್ ವಿಂಗ್ ಹುಡುಗ ನನ್ನ ಹತ್ತಿರ ಬಂದು ಹೇಳಿದ. ನಾನು ಏನು ಹೇಳಲಿ? ನನ್ನ ಕೈಯಲ್ಲಿ ಇದ್ದದ್ದು ಬಾವುಟ, ಮೈಕ್ ಅಲ್ಲ.

ಐದು ಗಂಟೆ ಹತ್ತು ನಿಮಿಷಕ್ಕೆ ಅತಿಥಿಗಳ ಗಾಡಿ ಬಂತು. ಆಮೇಲೆ ಶಾಲು, ಹಾರ, ಪೇಟ, ಸ್ವಾಗತ, ಪ್ರಾಸ್ತಾವಿಕ ಮಾತು, ಅದರ ಮೇಲೆ ಇನ್ನೆರಡು ಮಾತು. ಅದೆಲ್ಲ ಇರಲಿ ಬಿಡಿ, ನಮ್ಮ ಕಡೆ ಶಾಲು ಇಲ್ಲದೆ ಕಾರ್ಯಕ್ರಮ ಆಗುವುದಿಲ್ಲ. ಆದರೆ ಉದ್ಘಾಟನೆಯ ಗೋಲು ಮಾತ್ರ ನಾನು ಸಾಯುವವರೆಗೂ ಮರೆಯುವುದಿಲ್ಲ. ಚೆಂಡನ್ನು ಪೆನಾಲ್ಟಿ ಚುಕ್ಕೆಯ ಮೇಲೆ ಇಟ್ಟರು. ಗೋಲ್‌ಕೀಪರ್ ಕಿವಿಯಲ್ಲಿ ಒಬ್ಬರು "ಬಿಟ್ಟುಬಿಡಪಾ, ಹಿಡೀಬ್ಯಾಡ" ಅಂದರು. ಅತಿಥಿಗಳು ಚರ್ಮದ ಬೂಟಿನಲ್ಲಿ ಮೆಲ್ಲಗೆ ಒದ್ದರು. ಚೆಂಡು ಉರುಳುತ್ತಾ ಉರುಳುತ್ತಾ ಬಂದು ಗೋಲಿನ ಗೆರೆಗೆ ಒಂದು ಮೊಳ ಇರುವಾಗ ನಿಂತೇ ಬಿಟ್ಟಿತು. ಕ್ಯಾಮೆರಾ ಹಿಡಿದವರು ಕಾಯುತ್ತಿದ್ದಾರೆ. ಪಾಪ, ಆ ಗೋಲ್‌ಕೀಪರ್ ಆ ಕಡೆ ಈ ಕಡೆ ನೋಡಿ ಹಿಮ್ಮಡಿಯಿಂದ ಚೆಂಡನ್ನು ತಾನೇ ಒಳಗೆ ತಳ್ಳಿದ. ಚಪ್ಪಾಳೆ.

ಇದೇ ತರಹದ ಮ್ಯಾಚಿನಲ್ಲಿ ಗೋಲ್‌ಕೀಪರ್ ಒಬ್ಬ ಗೋಲು ಹೊಡೆದದ್ದು ಮೊದಲೇನಲ್ಲ. 1967ರಲ್ಲಿ ಇಂಗ್ಲೆಂಡಿನಲ್ಲಿ ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ನಡೆಯುವ ಚಾರಿಟಿ ಶೀಲ್ಡ್ ಪಂದ್ಯದಲ್ಲಿ ಟಾಟೆನ್‌ಹ್ಯಾಮ್‌ನ ಗೋಲ್‌ಕೀಪರ್ ಪ್ಯಾಟ್ ಜೆನ್ನಿಂಗ್ಸ್ ತನ್ನ ಗೋಲಿನ ಮುಂದಿನಿಂದ ಒದ್ದ ಚೆಂಡು ಇಡೀ ಮೈದಾನ ದಾಟಿ, ಒಂದು ಪುಟ ಬಿದ್ದು, ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ತಲೆಯ ಮೇಲಿಂದ ಒಳಗೆ ಹೋಗಿತ್ತು. ನಮ್ಮವನು ಹೊಡೆದದ್ದು ಒಂದು ಮೊಳದಿಂದ, ಅದೂ ತನ್ನದೇ ಗೋಲಿಗೆ.

ಐದೂ ಮುಕ್ಕಾಲಿಗೆ ಮೈಕ್‌ನಲ್ಲಿ ಘೋಷಣೆ ಆಯಿತು. ಸಮಯದ ಅಭಾವದಿಂದ ಹದಿನೈದು ನಿಮಿಷದ ಎರಡು ಹಾಫ್ ಮಾತ್ರ. ಆಟದ ನಿಯಮ ಏನು ಹೇಳುತ್ತದೆ ಗೊತ್ತಾ? ಒಂದೊಂದು ಹಾಫ್ 45 ನಿಮಿಷ. ಅದನ್ನು ಕಡಿಮೆ ಮಾಡಬೇಕು ಅಂದರೆ ಆಟ ಶುರುವಾಗುವ ಮೊದಲೇ ರೆಫ್ರಿ ಮತ್ತು ಎರಡೂ ಟೀಮ್ ಒಪ್ಪಬೇಕು, ಆ ಟೂರ್ನಮೆಂಟಿನ ನಿಯಮದಲ್ಲೂ ಅದಕ್ಕೆ ಜಾಗ ಇರಬೇಕು. ನಮ್ಮಲ್ಲಿ ರೆಫ್ರಿಯನ್ನು ಕೇಳಲಿಲ್ಲ, ಕ್ಯಾಪ್ಟನ್‌ಗಳನ್ನು ಕೇಳಲಿಲ್ಲ. ಮೈಕ್ ಒಪ್ಪಿತು, ಮುಗಿಯಿತು. ಒಂದು ಸೀಜನ್ ಪೂರ್ತಿ ಆಡಿ ಇಲ್ಲಿಗೆ ಬಂದ ಹುಡುಗರಿಗೆ ಸಿಕ್ಕಿದ್ದು ಮೂವತ್ತು ನಿಮಿಷ. ಭಾಷಣಕ್ಕೆ ಮೂವತ್ತೈದು ಸಿಕ್ಕಿತ್ತು.

ಆದರೂ ಆಡಿದರು ನೋಡಿ, ಅದನ್ನು ಹೇಳಲೇಬೇಕು. ನಾಲ್ಕನೇ ನಿಮಿಷಕ್ಕೇ ಧಾರವಾಡದವರು ಒಂದು ಗೋಲು. ಅದೇ ಲೆಫ್ಟ್ ವಿಂಗ್ ಹುಡುಗ ನನ್ನ ಎದುರೇ ಗೆರೆ ಹಿಡಿದು ಓಡಿ, ಒಬ್ಬನನ್ನು ಒಳಗೆ ಬಾಗಿಸಿ, ಇನ್ನೊಬ್ಬನನ್ನು ಹೊರಗೆ ಬಾಗಿಸಿ, ಚೆಂಡನ್ನು ಹಿಂದಕ್ಕೆ ಕೊಟ್ಟ. ಆಫ್‌ಸೈಡ್ ಇತ್ತಾ? ಇರಲಿಲ್ಲ, ನಾನೇ ನೋಡಿದ್ದೇನೆ. ಸೆಕೆಂಡ್ ಹಾಫ್‌ನಲ್ಲಿ ಹುಬ್ಬಳ್ಳಿಯವರು ಕಾರ್ನರ್‌ನಿಂದ ಒಂದು ಹೊಡೆದರು. ಅಷ್ಟೊತ್ತಿಗೆ ಕತ್ತಲಾಗಿತ್ತು. ಯಾರ ತಲೆಗೆ ತಾಗಿ ಒಳಗೆ ಹೋಯಿತು ಅಂತ ಈವರೆಗೂ ಇಬ್ಬರ ನಡುವೆ ಜಗಳ ಇದೆ. 1-1. ಸೀಟಿ ಊದಿದರು.

ಪೆನಾಲ್ಟಿ ಒದೆಯಲು ಹುಡುಗರು ಸಾಲಾಗಿ ನಿಂತಿದ್ದರು. ಬೆಳಕಿಲ್ಲ, ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮ ಇದೆ, ಟಾಸ್ ಹಾಕಿಬಿಡೋಣ ಅಂದಿರಿ. ನಾಣ್ಯ ಯಾರ ಹತ್ತಿರವೂ ಇರಲಿಲ್ಲ. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವವರು. ಕೊನೆಗೆ ನನ್ನ ಕಿಸೆಯಿಂದ ಐದು ರೂಪಾಯಿ ನಾಣ್ಯ ತೆಗೆದು ಕೊಟ್ಟೆ. ಮೇಲಕ್ಕೆ ಚಿಮ್ಮಿಸಿದರು. ನಮ್ಮದು ಎರೆ ಮಣ್ಣು, ಜನವರಿಯಲ್ಲಿ ನೀರಿಲ್ಲದೆ ಬೆರಳು ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ನಾಣ್ಯ ನೆಟ್ಟಗೆ ಹೋಗಿ ಒಂದು ಬಿರುಕಿನಲ್ಲಿ ನಿಂತುಬಿಟ್ಟಿತು. ಹೆಡ್ಡೂ ಇಲ್ಲ, ಟೇಲೂ ಇಲ್ಲ. ಹತ್ತು ಮೊಬೈಲ್ ಟಾರ್ಚ್ ಹಾಕಿಕೊಂಡು ಇಪ್ಪತ್ತು ಜನ ಬಗ್ಗಿ ನೋಡುತ್ತಿದ್ದೇವೆ. ಭೂಮಿತಾಯಿಯೇ ಬೇಡ ಅಂದಳು ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಡ್ಡಿಯಿಂದ ಎಬ್ಬಿಸಿ ಮತ್ತೊಮ್ಮೆ ಹಾಕಿದರು. ಹುಬ್ಬಳ್ಳಿ ಗೆದ್ದಿತು ಅಂತಾಯಿತು. ಅವರ ಕ್ಯಾಪ್ಟನ್ ಕಪ್ಪು ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತ. "ಇದನ್ನ ಗೆದ್ದು ಬಂದೀನಿ ಅಂತ ಮನ್ಯಾಗ ಹ್ಯಾಂಗ ಹೇಳ್ಲಿ?" ಅಂದ.

ಇಷ್ಟೇ ನನ್ನ ತಕರಾರು. ಯಾರ ಹೆಸರನ್ನೂ ಎತ್ತುವುದಿಲ್ಲ, ಊರು ಚಿಕ್ಕದು, ನಾಳೆ ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುವಾಗ ಎದುರಾಗುತ್ತೀರಿ. ಅವತ್ತು ನಾನೂ ಸುಮ್ನೆ ನಿಂತಿದ್ದೆ, ಅದೂ ನಿಜ. ಆದರೆ ಈ ಸಲ ಸುಮ್ಮನಿರಬಾರದು ಅಂತ ಬರೆಯುತ್ತಿದ್ದೇನೆ.

ಈ ಮ್ಯಾಚ್ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಲೀಗ್ ಆಯಿತಲ್ಲ, ಕಪ್ ಆಯಿತಲ್ಲ, ಇನ್ನೊಂದು ಯಾಕೆ ಅಂತ. ಲೀಗ್ ಅಂದರೆ ಎಲ್ಲರ ಮೇಲೂ ಆಡಬೇಕು, ಗೆದ್ದರೆ 3, ಡ್ರಾ ಆದರೆ 1, ಒಂದು ದಿನ ಕೆಟ್ಟರೆ ಮುಂದಿನ ವಾರ ಸರಿಮಾಡಿಕೊಳ್ಳಬಹುದು. ಕಪ್‌ನಲ್ಲಿ ಆ ಪುಣ್ಯ ಇಲ್ಲ, ಒಂದು ಮ್ಯಾಚ್ ಸೋತರೆ ಬೂಟು ಚೀಲಕ್ಕೆ. ಹಾಗಾಗಿ ಲೀಗ್ ಗೆಲ್ಲುವವರ ಜಾತಿಯೇ ಬೇರೆ, ಕಪ್ ಗೆಲ್ಲುವವರ ಜಾತಿಯೇ ಬೇರೆ. ನಮ್ಮ ಧಾರವಾಡದವರು ತಾಳ್ಮೆಯವರು, ವರ್ಷಪೂರ್ತಿ ಒಂದೇ ಹದದಲ್ಲಿ ಆಡುತ್ತಾರೆ. ಹುಬ್ಬಳ್ಳಿಯವರು ಒಂದು ದಿನ ಎದ್ದರೆ ಯಾರನ್ನಾದರೂ ಕೆಡವುತ್ತಾರೆ, ಮಾರನೇ ದಿನ ಯಾರ ಕೈಯಲ್ಲಾದರೂ ಬೀಳುತ್ತಾರೆ. (ನಾನು ಹುಬ್ಬಳ್ಳಿಯವನೇ, ಬೈಯಬೇಡಿ.) ಇವರಿಬ್ಬರಲ್ಲಿ ಯಾರು ಹೆಚ್ಚು ಅನ್ನುವ ಮಾತು ವರ್ಷವಿಡೀ ಚಹಾದಂಗಡಿಯಲ್ಲಿ ನಡೆಯುತ್ತದೆ. ಒಂದು ಸಂಜೆ ಅದನ್ನು ಮೈದಾನದಲ್ಲಿ ನೋಡೋಣ ಅಂತ ಅಷ್ಟೇ. 1962ರಲ್ಲಿ ಎರಡೂ ಊರನ್ನು ಸೇರಿಸಿ ಒಂದೇ ಪಾಲಿಕೆ ಮಾಡಿದರು. ಪಾಲಿಕೆ ಒಂದಾದರೂ ಪೇಡೆ ಯಾರದು, ಮಿರ್ಚಿ ಯಾರದು ಅಂತ ಕೇಳಿದರೆ ಮನಸ್ಸು ಒಂದಾಗಿಲ್ಲ ಅಂತ ಗೊತ್ತಾಗುತ್ತದೆ. ಅಂಥ ಎರಡು ಊರು ಎದುರಾಗುವ ಮ್ಯಾಚಿಗೆ ಜನ ಬರಲ್ವಾ?

ನೀವು ಈ ಮ್ಯಾಚಿನ ಮಾದರಿ ತಂದದ್ದೇ ಇಂಗ್ಲೆಂಡಿನಿಂದ ಅಂತ ವೇದಿಕೆಯ ಮೇಲೆ ಹೇಳಿದಿರಿ. ಹಾಗಾದರೆ ಅಲ್ಲಿಯ ಕಥೆ ಪೂರ್ತಿ ಕೇಳಿ. 1908ರಲ್ಲಿ ಮೊದಲ ಚಾರಿಟಿ ಶೀಲ್ಡ್, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸ್. ಆಗ ಅದು ಎರಡು ಬೇರೆ ಬೇರೆ ಲೀಗ್ ಗೆದ್ದವರ ನಡುವಿನ ಪಂದ್ಯ. ಲೀಗ್ ಗೆದ್ದವರು, ಕಪ್ ಗೆದ್ದವರು ಅನ್ನುವ ಪದ್ಧತಿ ಗಟ್ಟಿಯಾಗಿ ನಿಂತದ್ದು 1930ರಿಂದ. ಆ ಮೊದಲ ಪಂದ್ಯ 1-1 ಡ್ರಾ ಆಯಿತು. ಅವರು ಕಿಸೆಯಲ್ಲಿ ನಾಣ್ಯ ಹುಡುಕಲಿಲ್ಲ. ಏಪ್ರಿಲ್‌ನಲ್ಲಿ ಡ್ರಾ ಆದದ್ದನ್ನು ಆಗಸ್ಟ್‌ನಲ್ಲಿ ಮತ್ತೆ ಆಡಿದರು, ಯುನೈಟೆಡ್ 4-0 ಗೆದ್ದಿತು. ಆಮೇಲೆ ಎಷ್ಟೋ ವರ್ಷ ಡ್ರಾ ಆದರೆ ಶೀಲ್ಡನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು, ಆರು ತಿಂಗಳು ಇವರ ಹತ್ತಿರ, ಆರು ತಿಂಗಳು ಅವರ ಹತ್ತಿರ. ಕೊನೆಯ ಸಲ ಹಾಗೆ ಹಂಚಿಕೊಂಡದ್ದು 1991ರಲ್ಲಿ, ಆರ್ಸೆನಲ್ ಮತ್ತು ಟಾಟೆನ್‌ಹ್ಯಾಮ್ 0-0 ಆದಾಗ. ಒಂದೇ ಊರಿನ ಆಜನ್ಮ ವೈರಿಗಳು ಒಂದೇ ಕಪ್ಪನ್ನು ಪಾಳಿ ಮೇಲೆ ಇಟ್ಟುಕೊಂಡರು ನೋಡಿ, ಅಣ್ಣತಮ್ಮಂದಿರು ಅವ್ವನನ್ನು ನೋಡಿಕೊಂಡ ಹಾಗೆ. 1993ರಿಂದ ಡ್ರಾ ಆದರೆ ಪೆನಾಲ್ಟಿ.

ನಾಣ್ಯದಿಂದ ಗೆಲುವು ತೀರ್ಮಾನ ಮಾಡಿದ್ದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಅಂತಲ್ಲ. ದೊಡ್ಡ ಉದಾಹರಣೆಯೇ ಇದೆ. 1968ರ ಯುರೋಪ್ ಚಾಂಪಿಯನ್‌ಶಿಪ್ ಸೆಮಿಫೈನಲ್, ನೇಪಲ್ಸ್ ಊರು, ಇಟಲಿ ಮತ್ತು ಸೋವಿಯತ್ ಒಕ್ಕೂಟ, ಹೆಚ್ಚಿನ ಸಮಯ ಆಡಿದರೂ 0-0. ನಾಣ್ಯ ಚಿಮ್ಮಿಸಿದರು, ಇಟಲಿ ಫೈನಲ್‌ಗೆ ಹೋಯಿತು, ಕಪ್ಪನ್ನೂ ಗೆದ್ದಿತು. ಎರಡು ವರ್ಷ ಕಳೆದು, 1970ರಲ್ಲಿ, ಪೆನಾಲ್ಟಿ ಒದೆತವನ್ನು ನಿಯಮಕ್ಕೆ ಸೇರಿಸಿದರು. ಜಗತ್ತು 1970ರಲ್ಲಿ ಬಿಟ್ಟದ್ದನ್ನು ನಾವು ಈಗ ಹಿಡಿದುಕೊಂಡಿದ್ದೇವೆ. ಈಗಿನ ನಿಯಮದಲ್ಲಿ ನಾಣ್ಯಕ್ಕೆ ಇರುವ ಕೆಲಸ ಯಾವ ಕಡೆಯ ಗೋಲು, ಮೊದಲು ಯಾರು ಒದೆಯಬೇಕು, ಇಂಥದ್ದು. ಅದನ್ನು ಅಷ್ಟಕ್ಕೇ ಬಿಡಿ.

ಇಷ್ಟು ದೂರದ ಮಾತೂ ಬೇಡ. ನಮ್ಮ ಭಾಗದಲ್ಲಿ ಜಾತ್ರೆ ಕುಸ್ತಿ ನೋಡದವರು ಯಾರಿದ್ದಾರೆ? ಕೊನೆಯ ದೊಡ್ಡ ಜೋಡಿಗೆ ನಿಕಾಲಿ ಕುಸ್ತಿ ಅಂತ ಕೂಗುತ್ತಾರೆ. ಬೆನ್ನು ಮಣ್ಣಿಗೆ ಹತ್ತುವವರೆಗೆ ಬಿಡುವ ಮಾತಿಲ್ಲ. ಅಲ್ಲಿ ಯಾರಾದರೂ ಹೊತ್ತಾಯಿತು, ಟಾಸ್ ಹಾಕೋಣ ಅಂದರೆ ಕಣದ ಸುತ್ತ ಕೂತ ಹಿರಿಯರು ಅವರನ್ನೇ ಕಣಕ್ಕೆ ಇಳಿಸುತ್ತಾರೆ. ಕುಸ್ತಿಗೆ ಇರುವ ಮರ್ಯಾದೆ ಫುಟ್‌ಬಾಲ್‌ಗೆ ಯಾಕಿಲ್ಲ ಅನ್ನುವುದೇ ನನ್ನ ಪ್ರಶ್ನೆ. ಅವತ್ತು ಪೆನಾಲ್ಟಿಗೆ ಬೆಳಕಿಲ್ಲ ಅಂದಿರಿ. ಆಮೇಲೆ ಬಹುಮಾನ ವಿತರಣೆಗೆ ಎರಡು ಜೀಪಿನ ಹೆಡ್‌ಲೈಟ್ ಹಾಕಿಸಿದಿರಿ. ಅದೇ ಬೆಳಕನ್ನು ಗೋಲಿನ ಕಡೆ ತಿರುಗಿಸಿದ್ದರೆ ಹತ್ತು ಒದೆತ ಆಗುತ್ತಿತ್ತು. ಹನ್ನೊಂದು ಮೀಟರ್ ದೂರ ಅಷ್ಟೇ ಅಲ್ವಾ?

ಅದೇ ಇಂಗ್ಲೆಂಡಿನ ಶೀಲ್ಡಿನ 2025ರ ಆಗಸ್ಟ್ 10ರ ಮ್ಯಾಚನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದಿರೋ. ಭಾನುವಾರ, ನಮ್ಮ ಸಮಯ ಸಂಜೆ ಏಳೂವರೆ. ಲೀಗ್ ಗೆದ್ದ ಲಿವರ್‌ಪೂಲ್, ಎಫ್‌ಎ ಕಪ್ ಗೆದ್ದ ಕ್ರಿಸ್ಟಲ್ ಪ್ಯಾಲೇಸ್, ವೆಂಬ್ಲಿ ಮೈದಾನ. ಪ್ಯಾಲೇಸ್ ಅಂದರೆ ಅಷ್ಟು ವರ್ಷದಲ್ಲಿ ಒಂದೂ ದೊಡ್ಡ ಕಪ್ ಕಾಣದಿದ್ದ ಟೀಮು, ಆ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1-0 ಸೋಲಿಸಿ ಮೊದಲ ಸಲ ಗೆದ್ದಿದ್ದರು. ನಾವು ಏಳೆಂಟು ಜನ ಒಂದು ಅಂಗಡಿಯ ಮುಂದೆ ಗಿರ್ಮಿಟ್ ಪೊಟ್ಟಣ ಹಿಡಿದು ಒಂದೇ ಫೋನಿನಲ್ಲಿ ನೋಡುತ್ತಿದ್ದೆವು. ಲಿವರ್‌ಪೂಲ್ ಎರಡು ಸಲ ಮುಂದೆ ಹೋಯಿತು. ಎರಡು ಸಲವೂ ಪ್ಯಾಲೇಸ್ ಹಿಡಿದುಕೊಂಡು ಬಂತು. 2-2. ಅಲ್ಲಿ ಹೆಚ್ಚಿನ ಸಮಯ ಇಲ್ಲ, 90 ನಿಮಿಷ ಆದಮೇಲೆ ನೇರ ಪೆನಾಲ್ಟಿ. ಲಿವರ್‌ಪೂಲ್‌ನ ಸಲಾಹ್ ಅಂಥ ಸಲಾಹ್ ಚೆಂಡನ್ನು ಕಂಬದ ಮೇಲಿಂದ ಆಕಾಶಕ್ಕೆ ಹೊಡೆದ. ಪ್ಯಾಲೇಸ್ ಗೋಲ್‌ಕೀಪರ್ ಹೆಂಡರ್ಸನ್ ಎರಡು ಹಿಡಿದ. ಕೊನೆಯ ಒದೆತ ಡೆವೆನ್ನಿ ಅನ್ನುವ ಹುಡುಗನದು, ಹೊಡೆದೇ ಬಿಟ್ಟ, 3-2. ನಮ್ಮ ಅಂಗಡಿಯವ ಫುಟ್‌ಬಾಲ್ ನೋಡುವವನಲ್ಲ, ಅವನೂ ಒಲೆ ಬಿಟ್ಟು ಬಂದು ನಿಂತಿದ್ದ. ಒಂದು ಬಾಣಲೆ ಮಿರ್ಚಿ ಕರಕಲಾಯಿತು.

ಆ ಪಂದ್ಯವನ್ನು ಅಲ್ಲಿಯವರೂ ದೊಡ್ಡದು ಅನ್ನುವುದಿಲ್ಲ. ಸೀಜನ್ ಶುರುವಿನ ಫ್ರೆಂಡ್ಲಿ ಅಂತ ತಮಾಷೆ ಮಾಡುವವರು ಬೇಕಾದಷ್ಟು. ಆದರೂ ಹೇಳಿದ ಹೊತ್ತಿಗೆ ಶುರು ಮಾಡುತ್ತಾರೆ, 90 ನಿಮಿಷ ಆಡಿಸುತ್ತಾರೆ, ಕಪ್ಪನ್ನು ಆಟ ಮುಗಿದ ಮೇಲೆ ಕೊಡುತ್ತಾರೆ. ನಮ್ಮ ದೇಶದಲ್ಲೂ ಇಂಥದ್ದು ಇತ್ತು. 1997ರಿಂದ 2011ರ ನಡುವೆ ರಾಷ್ಟ್ರೀಯ ಲೀಗ್ ಗೆದ್ದವರಿಗೂ ಫೆಡರೇಷನ್ ಕಪ್ ಗೆದ್ದವರಿಗೂ ಸೂಪರ್ ಕಪ್ ಅಂತ ಒಂದು ಮ್ಯಾಚ್ ಇಡುತ್ತಿದ್ದರು. ಆಮೇಲೆ ನಿಂತುಹೋಯಿತು. 2018ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂದಾಗ ಅದು ನಾಕೌಟ್ ಟೂರ್ನಮೆಂಟ್ ಆಗಿತ್ತು. ನಮ್ಮ ಬೆಂಗಳೂರು ಎಫ್‌ಸಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1 ಗೆದ್ದು ಅದನ್ನು ತಂದಿತು, ಖುಷಿಯೇ. ಆದರೆ ಇಬ್ಬರೇ ಎದುರಾಗುವ ಆ ಒಂದೇ ಮ್ಯಾಚ್ ದೇಶದ ಮಟ್ಟದಲ್ಲಿ ಹೋಯಿತು. ಅದನ್ನು ನಮ್ಮ ಊರಿನಲ್ಲಿ ಶುರು ಮಾಡಿದ್ದು ನೀವು. ಅದಕ್ಕೆ ನಿಮಗೆ ಶಭಾಷ್ ಅನ್ನಲೇಬೇಕು, ಬೈಯುವ ಭರದಲ್ಲಿ ಅದನ್ನು ಮರೆತರೆ ತಪ್ಪಾಗುತ್ತದೆ.

ಈಗ ಕೇಳುವುದನ್ನು ಕೇಳುತ್ತೇನೆ. ಮೂರಕ್ಕೆ ಅಂದರೆ ಮೂರಕ್ಕೆ ಸೀಟಿ ಊದಲಿ. ಚಳಿಗಾಲದಲ್ಲಿ ಆರೂವರೆಗೆ ಚೆಂಡು ಕಾಣುವುದಿಲ್ಲ, ಲೆಕ್ಕ ಹಾಕಿ ನೋಡಿ, ಎರಡು ಹಾಫ್, ನಡುವೆ ಹದಿನೈದು ನಿಮಿಷ, ಗಾಯಗೀಯ ಅಂತ ಒಂದಿಷ್ಟು, ಆಮೇಲೆ ಪೆನಾಲ್ಟಿ, ಎಲ್ಲ ಸೇರಿ ಐದೂವರೆಯೊಳಗೆ ಆರಾಮಾಗಿ ಮುಗಿಯುತ್ತದೆ. ಅತಿಥಿಗಳು ಐದಕ್ಕೆ ಬಂದರೂ ಅಡ್ಡಿ ಇಲ್ಲ, ಆಗ ಬಂದರೆ ಅವರಿಗೂ ಆಟದ ರುಚಿಯ ಭಾಗ ಸಿಗುತ್ತದೆ. ಶಾಲು, ಭಾಷಣ ಎಲ್ಲ ಕೊನೆಗೆ. ಗೆದ್ದ ಟೀಮಿನ ಹುಡುಗರು ಅವತ್ತು ಎಷ್ಟು ಉದ್ದದ ಭಾಷಣವನ್ನಾದರೂ ನಗುತ್ತಾ ಕೇಳುತ್ತಾರೆ, ನನ್ನ ಗ್ಯಾರಂಟಿ.

ಜಾಗದ ಜಗಳ ಪ್ರತಿ ವರ್ಷದ್ದು. ಒಂದು ವರ್ಷ ಹುಬ್ಬಳ್ಳಿ, ಒಂದು ವರ್ಷ ಧಾರವಾಡ ಅಂತ ಬರೆದಿಟ್ಟುಬಿಡಿ. ಹೋದ ಸಲ ನಾವು, ಈ ಸಲ ಅವರ ಪಾಳಿ. ಆ ಕಡೆ ಎರೆ ಕಡಿಮೆ, ಮಣ್ಣು ಸ್ವಲ್ಪ ಕೆಂಪು, ಬಿರುಕಿನ ಕಾಟ ಇರಲಿಕ್ಕಿಲ್ಲ. ಎಲ್ಲಿ ಆಡಿದರೂ ಹಿಂದಿನ ದಿನ ಟ್ಯಾಂಕರ್ ನೀರು ಹೊಡೆಸಿ. ಮೈದಾನದ ಸಾಹೇಬರೇ, ಇದು ನಿಮಗೆ. ಬೀಗ ಎರಡು ಗಂಟೆ ಮೊದಲು ತೆಗೆಯಿರಿ, ಪಾಯಿಖಾನೆಯ ಬೀಗವನ್ನೂ. ಹೋದ ಸಲ ಹುಡುಗರು ಗೋಡೆ ಹಿಂದೆ ಬಟ್ಟೆ ಬದಲಿಸಿದರು. ಇನ್ನು ಸುಣ್ಣದ ಗೆರೆ ಎಳೆಯುವವರಿಗೆ ಒಂದು ಟೇಪ್ ಕೊಡಿಸಿ. ಅವತ್ತು ಪೆನಾಲ್ಟಿ ಚುಕ್ಕೆಯನ್ನು ಹೆಜ್ಜೆ ಲೆಕ್ಕದಲ್ಲಿ ಇಟ್ಟಿದ್ದರು, ಎತ್ತರದ ಮನುಷ್ಯ ಒಂದು ಕಡೆ ಅಳೆದ, ಗಿಡ್ಡ ಮನುಷ್ಯ ಇನ್ನೊಂದು ಕಡೆ. ಎರಡೂ ಚುಕ್ಕೆ ಬೇರೆ ಬೇರೆ ದೂರದಲ್ಲಿ.

ಒಂದೇ ಟೀಮ್ ಲೀಗೂ ಕಪ್ಪೂ ಎರಡೂ ಗೆದ್ದರೆ ಏನು ಮಾಡುವುದು ಅಂತ ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರಂತೆ. ಒಳ್ಳೆಯ ಪ್ರಶ್ನೆ. ಜರ್ಮನಿಯಲ್ಲಿ 2024ರಲ್ಲಿ ಹಾಗೇ ಆಯಿತು, ಲೆವರ್ಕುಸೆನ್ ಎರಡನ್ನೂ ಗೆದ್ದಿತ್ತು. ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದ ಸ್ಟುಟ್‌ಗಾರ್ಟ್‌ನವರನ್ನು ಕರೆದು ಆಡಿಸಿದರು, 2-2 ಆಗಿ ಪೆನಾಲ್ಟಿಗೆ ಹೋಯಿತು. ನಾವೂ ಅದನ್ನೇ ಬರೆದಿಟ್ಟುಕೊಳ್ಳೋಣ, ಆಮೇಲೆ ಜಗಳ ಬೇಡ. ಮತ್ತೆ, ಹುಡುಗಿಯರು ದಿನಾ ಬೆಳಗ್ಗೆ ಪ್ರ್ಯಾಕ್ಟಿಸ್ ಮಾಡುವುದನ್ನು ನೀವೆಲ್ಲ ವಾಕಿಂಗ್‌ನಲ್ಲಿ ನೋಡಿದ್ದೀರಿ. 2020ರಲ್ಲಿ ವೆಂಬ್ಲಿಯಲ್ಲಿ ಒಂದೇ ದಿನ ಹೆಣ್ಣುಮಕ್ಕಳ ಶೀಲ್ಡ್ ಪಂದ್ಯ ಮೊದಲು, ಗಂಡಸರದ್ದು ಆಮೇಲೆ ಆಡಿಸಿದ್ದರು. ಬೆಳಗ್ಗೆ ಮೈದಾನ ಖಾಲಿಯೇ ಇರುತ್ತದಲ್ಲ, ಅವರಿಗೂ ಒಂದು ಮ್ಯಾಚ್ ಇಡಿ.

ದುಡ್ಡಿನ ಮಾತು ಆಡಲಿಕ್ಕೆ ಸಂಕೋಚ, ಆದರೂ ಆಡುತ್ತೇನೆ. ಹೋದ ಸಲ ಟಿಕೆಟ್ ಇಪ್ಪತ್ತು ರೂಪಾಯಿ ಇತ್ತು, ಮೈದಾನದ ಅಭಿವೃದ್ಧಿಗೆ ಅಂದಿದ್ದಿರಿ. ಯಾರೋ ತಿಂದರು ಅಂತ ನಾನು ಹೇಳುತ್ತಿಲ್ಲ. ಶಾಲು, ಹಾರ, ಶಾಮಿಯಾನಕ್ಕೇ ಹೋಗಿರಬಹುದು. ಆದರೆ ಲೆಕ್ಕ ಎಲ್ಲೂ ಕಾಣಲಿಲ್ಲ. ಇಂಗ್ಲೆಂಡಿನಲ್ಲೂ ಇದೇ ಪೀಕಲಾಟ ಆಗಿತ್ತು. ಟಿಕೆಟಿನ ದುಡ್ಡಿನಲ್ಲಿ ಎಷ್ಟು ದಾನಕ್ಕೆ ಹೋಗುತ್ತದೆ ಅಂತ ಸರಿಯಾಗಿ ಹೇಳುತ್ತಿಲ್ಲ ಅಂತ ಅಲ್ಲಿಯ ದತ್ತಿ ಆಯೋಗ ತಕರಾರು ತೆಗೆದ ಮೇಲೆ, 2002ರಲ್ಲಿ ಚಾರಿಟಿ ಶೀಲ್ಡ್ ಹೋಗಿ ಕಮ್ಯುನಿಟಿ ಶೀಲ್ಡ್ ಆಯಿತು. ನಾವು ಹೆಸರು ಬದಲಿಸುವುದು ಬೇಡ. ಗೇಟಿನ ಪಕ್ಕ ಒಂದು ಹಾಳೆ ಅಂಟಿಸಿ, ಬಂದದ್ದು ಇಷ್ಟು, ಹೋದದ್ದು ಇಷ್ಟು. ಅದರಲ್ಲಿ ಎರಡು ನೆಟ್ ಬಂದರೂ ಸಾಕು, ಈಗಿನ ನೆಟ್‌ನಲ್ಲಿ ಚೆಂಡಿಗಿಂತ ದೊಡ್ಡ ತೂತುಗಳಿವೆ, ಗೋಲ್ ಆದರೆ ಹುಡುಗರು ರಸ್ತೆಯವರೆಗೆ ಓಡಬೇಕು.

ತಾರೀಖು ಬೇಗ ಹೇಳಿ, ಪಿಯುಸಿ ಪರೀಕ್ಷೆಯ ಹತ್ತಿರ ಇಡಬೇಡಿ, ಧಾರವಾಡ ಟೀಮಿನ ಅರ್ಧ ಹುಡುಗರು ಹಾಸ್ಟೆಲ್‌ನವರು. ಗೆರೆಗೆ ಜನ ಬೇಕಿದ್ದರೆ ನಾನು ಬರುತ್ತೇನೆ, ಸಂಭಾವನೆ ಬೇಡ, ಬಾವುಟ ನನ್ನದೇ ಇದೆ.

ಇಂತಿ,
ಅವತ್ತು ಗೆರೆಯಲ್ಲಿ ನಿಂತಿದ್ದವ, ಹುಬ್ಬಳ್ಳಿ

ಮರೆತಿದ್ದೆ. ಆ ಐದು ರೂಪಾಯಿ ನಾಣ್ಯ ಎರಡನೇ ಟಾಸ್ ಆದಮೇಲೆ ಯಾರದೋ ಕಿಸೆಗೆ ಹೋಯಿತು, ನನಗೆ ವಾಪಸ್ ಬಂದಿಲ್ಲ. ಯಾರ ಹತ್ತಿರ ಇದೆಯೋ ಅವರು ಮ್ಯಾಚಿನ ದಿನ ತನ್ನಿ. ಯಾವ ಕಡೆಯ ಗೋಲು ಅಂತ ನೋಡಲು ಬೇಕಾಗುತ್ತದೆ.